ಎರವಲು ಬೋರ್ಡು

ಸರ್ವರ್ ಆಗುವುದಿಲ್ಲ ಎಂದಿತು.

ವಿನಾರ್ಸಿ ಕನ್ನಡಕ ಒರೆಸಿಕೊಂಡು ಅದೇ ಆಜ್ಞೆಯನ್ನು ಇನ್ನೊಮ್ಮೆ ಟೈಪ್ ಮಾಡಿದಳು. ಉತ್ತರ ಬದಲಾಗಲಿಲ್ಲ. ಆರನೆಯ ಬೋರ್ಡನ್ನು ಬಿಡಿಸಲಾಗದು; ಅದರಲ್ಲಿರುವುದನ್ನೆಲ್ಲ ಎತ್ತಿಡಲು ಜೊತೆಯ ಬೋರ್ಡಿನಲ್ಲಿ ಜಾಗ ಸಾಲದು. ಮಧ್ಯಾಹ್ನದ ನಮಾಜು ಮುಗಿಸಿ ಎಲ್ಲರೂ ಊಟಕ್ಕೆ ಹೋಗಿದ್ದರು. ಜಾವಾದ ಜೋಗ್ಜಾ ನಗರದ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದ ತಣ್ಣನೆಯ ಕೋಣೆಯಲ್ಲಿ ಇದ್ದದ್ದು ಅವಳು ಮತ್ತು ಬೀರುವಿನಷ್ಟು ದೊಡ್ಡ ಸರ್ವರ್. ಇಡೀ ಕಟ್ಟಡದಲ್ಲಿ ಮುಖ ನೋಡದೆ ಆಗುವುದಿಲ್ಲ ಎನ್ನುವ ತಾಕತ್ತು ಇಬ್ಬರಿಗೆ ಮಾತ್ರ ಇತ್ತು. ಒಂದು ಈ ಸರ್ವರ್‌ಗೆ, ಇನ್ನೊಂದು ಸುಮಾತ್ರದ ಬಾತಕ್ ಸೀಮೆಯಿಂದ ಬಂದ ನಿರ್ದೇಶಕ ಪಾಕ್ ಪರ್ದೆದೆ ಅವರಿಗೆ. ಉಳಿದವರೆಲ್ಲ ಜಾವಾದವರು. ಇಲ್ಲ ಎನ್ನುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಅವರಿಗೆ ಸಲೀಸು. ವಿನಾರ್ಸಿಯೂ ಅದೇ ಕುಲದವಳು. ಅಲ್ಲಿ ಗಂಡಸರ ಹೆಸರಿಗೆ ಪಾಕ್, ಹೆಂಗಸರ ಹೆಸರಿಗೆ ಬು ಸೇರಿಸಿ ಕರೆಯುವುದು ಮರ್ಯಾದೆ.

ಸರ್ವರ್ ಒಂದೇ ಆದರೂ ಒಳಗೆ ಪಾಲಾಗಿತ್ತು, ಅಣ್ಣತಮ್ಮಂದಿರು ಒಂದೇ ಸೂರಿನಡಿ ಎರಡು ಒಲೆ ಹೂಡಿದ ಹಾಗೆ. ಇದ್ದ ಎಂಟು ಬೋರ್ಡುಗಳಲ್ಲಿ ಒಂದೊಂದಕ್ಕೂ ಅದರದೇ ಪ್ರೊಸೆಸರು, ಅದರದೇ ಮೆಮೊರಿ. ಕೊಂಡ ಹೊಸದರಲ್ಲಿ ನಾಲ್ಕನ್ನು ಕಚೇರಿಗೂ ನಾಲ್ಕನ್ನು ಜ್ವಾಲಾಮುಖಿಯ ಅಧ್ಯಯನ ಮಾಡುವ ವಿಭಾಗಕ್ಕೂ ಹಂಚಿದ್ದರು. ಆ ವಿಭಾಗದವರನ್ನು ಎಲ್ಲರೂ ಬೆಟ್ಟದವರು ಎನ್ನುತ್ತಿದ್ದರು. ಸೆಮಿಸ್ಟರ್ ಶುರುವಾಗುವಾಗ ವಿದ್ಯಾರ್ಥಿಗಳೆಲ್ಲ ಒಂದೇ ಬೆಳಿಗ್ಗೆ ತಮ್ಮ ವಿಷಯಗಳನ್ನು ನೋಂದಾಯಿಸಲು ಮುಗಿಬೀಳುವರು, ಕಚೇರಿಯ ಪಾಲು ಏದುಸಿರು ಬಿಡುವುದು. ಆಗ ಬೆಟ್ಟದವರಿಂದ ಒಂದು ಬೋರ್ಡು ಎರವಲು. ಯಂತ್ರವನ್ನು ನಿಲ್ಲಿಸಬೇಕಿಲ್ಲ, ಕೈಯಿಂದ ಮುಟ್ಟಲೂ ಬೇಕಿಲ್ಲ. ವಿನಾರ್ಸಿ ಆಜ್ಞೆ ಕೊಟ್ಟರೆ ಸಾಕು, ಆ ಬೋರ್ಡಿನಲ್ಲಿದ್ದದ್ದು ಒಂದೊಂದಾಗಿ ಪಕ್ಕದ ಬೋರ್ಡುಗಳಿಗೆ ಸಾಗಿ, ಬಾಡಿಗೆ ಮನೆ ಖಾಲಿ ಮಾಡಿದಂತೆ ಬರಿದಾಗಿ, ಈ ಪಾಲಿನಿಂದ ಕಳಚಿ ಆ ಪಾಲಿಗೆ ಸೇರಿಕೊಳ್ಳುತ್ತಿತ್ತು. ಕೆಲಸ ಮಾಡುತ್ತಿದ್ದವರಿಗೆ ಗೊತ್ತೂ ಆಗುತ್ತಿರಲಿಲ್ಲ. ಇಷ್ಟು ನಯವಾಗಿ ಪಾಲು ಬದಲಿಸುವುದು ಮನುಷ್ಯರಿಗೆ ಬಂದಿದ್ದರೆ ಅರ್ಧ ಕೋರ್ಟುಗಳು ಬಾಗಿಲು ಹಾಕುತ್ತಿದ್ದವು ಎಂದು ಅವಳು ಅಂದುಕೊಳ್ಳುತ್ತಿದ್ದಳು.

ಆದರೆ ಎರವಲು ಹೋದ ಬೋರ್ಡು ಹಿಂದಿರುಗುತ್ತಿರಲಿಲ್ಲ. ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ ಎಂದು ಬೆಟ್ಟದವರು ಸುಮ್ಮನಿದ್ದರು. ಅವರೇ ಕೇಳಲಿಲ್ಲವಲ್ಲ ಎಂದು ಕಚೇರಿಯವರು ಸುಮ್ಮನಾದರು. ಹೀಗೆ ಎರಡು ಹೋಗಿ ಬೆಟ್ಟದವರಿಗೆ ಎರಡು ಉಳಿದಿದ್ದವು. ಅದರಲ್ಲೂ ಒಂದು ಬೇಕೆಂದು ಈಗ ಪಾಕ್ ಪರ್ದೆದೆ ಹೇಳಿದ್ದರು. ನೋಂದಣಿ ಮರುದಿನ ಬೆಳಿಗ್ಗೆಯೇ ಇತ್ತು.

ಆ ಎರಡು ಬೋರ್ಡುಗಳ ತುಂಬ ಕೂತಿದ್ದದ್ದು ಪಾಕ್ ಸಸ್ಮಿತೊ ಅವರ ಲೆಕ್ಕ. ಬೆಟ್ಟದವರಲ್ಲೆಲ್ಲ ಹಿರಿಯರು ಅವರು, ನಿವೃತ್ತಿಯ ಅಂಚಿನಲ್ಲಿದ್ದ ಪ್ರೊಫೆಸರ್. ಮೆರಾಪಿ ಬೆಟ್ಟ ಬೂದಿ ಕಾರಿದ ಮೇಲೆ ಜೋರು ಮಳೆ ಬಂದರೆ ಆ ಬೂದಿ ಕೆಸರಾಗಿ, ಬಂಡೆಗಳನ್ನೂ ಹೊತ್ತುಕೊಂಡು ಹೊಳೆಯ ಪಾತ್ರದಲ್ಲಿ ನುಗ್ಗುತ್ತದೆ. ಸೆಂದೂಲ್ ಹೊಳೆ ಕಾರಂಗ್ಲೊ ಹಳ್ಳಿಯ ಹತ್ತಿರ ತಿರುವು ತೆಗೆದುಕೊಳ್ಳುವಲ್ಲಿ ಆ ಕೆಸರು ಯಾವ ದಂಡೆಗೆ ಹತ್ತುತ್ತದೆ ಎಂಬುದೇ ಲೆಕ್ಕ. ರಂಜಾನ್ ಹಬ್ಬ ಕಳೆದ ಮೇಲೆ ಶುರುವಾದದ್ದು ಇನ್ನೂ ಓಡುತ್ತಿತ್ತು, ಮಳೆಗಾಲಕ್ಕೆ ಮುಂಚೆ ಮುಗಿಯುವುದರಲ್ಲಿತ್ತು. ಅವರು ತರುಣರಾಗಿದ್ದಾಗ ಬರೆದ ಪ್ರೋಗ್ರಾಮ್ ಅದು. ನಡುವೆ ನಿಲ್ಲಿಸಿ ಮುಂದುವರಿಸುವ ಸೌಕರ್ಯವಿರಲಿಲ್ಲ. ನಿಂತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಷ್ಟು ದಿನ ಮಳೆ ಕಾಯುವುದಿಲ್ಲ.

ಊಟ ಮುಗಿಸಿ ಬಂದ ಪಾಕ್ ಪರ್ದೆದೆಗೆ ವಿನಾರ್ಸಿ ವಿಷಯ ಹೇಳಿದಳು. ಹೇಳಿದಳು ಎಂದರೆ ತನ್ನ ಊರಿನ ರೀತಿಯಲ್ಲಿ ಹೇಳಿದಳು. ಬೋರ್ಡು ಸ್ವಲ್ಪ ತುಂಬಿಕೊಂಡಿದೆ, ಬಿಡಿಸುವುದು ತುಸು ಕಷ್ಟವಾಗಬಹುದು, ಒಳಗೆ ಯಾವುದೋ ಲೆಕ್ಕ ಓಡುತ್ತಿರುವಂತಿದೆ. ಆ ಲೆಕ್ಕ ನಿಲ್ಲಿಸಿದರೆ ಬೋರ್ಡು ಬಿಡುತ್ತದೆಯೇ ಎಂದು ಅವರು ಕೇಳಿದರು. ಬಿಡುತ್ತದೆ ಎಂದಳು. ಮುಂದಿನದನ್ನು ಅವರೇ ಕೇಳಲಿ ಎಂದು ಕಾದಳು. ಅವರು ಕೇಳಲಿಲ್ಲ.

“ಮತ್ತಿನ್ನೇನು ಬು ವಿನ್? ನಾನೇ ಅವರ ರೂಮಿಗೆ ಹೋಗಿ ಕೇಳಿದೀನಿ. ಆಗಲಿ, ತಗೊಳ್ಳಿ ಅಂತ ಅವರ ಬಾಯಲ್ಲೇ ಬಂತು. ನಗ್ತಾ ನಗ್ತಾ ಅಂದ್ರು.”

ಎಷ್ಟು ಸಲ ಕೇಳಿದಿರಿ ಎಂದು ವಿನಾರ್ಸಿ ಮನಸ್ಸಿನಲ್ಲೇ ಕೇಳಿಕೊಂಡಳು. ಅವಳ ಅಮ್ಮ ಮಕ್ಕಳಿಗೆ ಕಲಿಸಿದ ಮೊದಲ ಪಾಠವೇ ಅದಾಗಿತ್ತು. ಮೊದಲ ಸಲ ಕೇಳಿದಾಗ ಬರುವ ಆಗಲಿ ಮರ್ಯಾದೆಗೆ, ಎರಡನೆಯದು ಮನಸ್ಸು ತೂಗಿ ನೋಡುವುದಕ್ಕೆ, ಮೂರನೆಯ ಸಲ ಕೇಳಿದಾಗ ಬಾಯಿಂದ ಬಂದದ್ದೇ ಮಾತು. ಪಾಕ್ ಪರ್ದೆದೆ ಒಂದೇ ಸಲ ಕೇಳಿ, ಕೈಕುಲುಕಿ ಬಂದುಬಿಟ್ಟಿದ್ದರು. ಅವರ ಸೀಮೆಯಲ್ಲಿ ಹೂಂ ಅಂದರೆ ಅಲ್ಲಿಗೆ ಮುಗಿಯಿತು. ಕೆಟ್ಟ ಮನುಷ್ಯರೇನಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ನೋಂದಣಿ ನಡುವೆಯೇ ಕುಸಿದು, ವಿದ್ಯಾರ್ಥಿಗಳು ಕುಲಪತಿಯ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದಾಗ ತಲೆ ತಗ್ಗಿಸಿ ನಿಂತವರು ಅವರೇ. ಈ ಸಲ ಹಾಗಾಗುವುದಿಲ್ಲ ಎಂದು ಮಾತು ಕೊಟ್ಟಿದ್ದರು.

ಉಳಿದ ಎರಡು ಸಲ ತಾನೇ ಕೇಳಿಬಿಡೋಣ ಎಂದು ವಿನಾರ್ಸಿ ಬೆಟ್ಟದವರ ಕಟ್ಟಡಕ್ಕೆ ಹೋದಳು.

ಪಾಕ್ ಸಸ್ಮಿತೊ ಎದ್ದು ನಿಂತು ಅವಳನ್ನು ಕೂರಿಸಿದರು. ಕಲ್ಲುಸಕ್ಕರೆ ಹಾಕಿದ ಮಲ್ಲಿಗೆಯ ಚಹಾ ತಾವೇ ಬಸಿದುಕೊಟ್ಟರು, ಬೇಯಿಸಿದ ಕಡಲೆಕಾಯಿಯ ತಟ್ಟೆ ಮುಂದೆ ಸರಿಸಿದರು. ಅವಳ ಮಗಳ ಮದುವೆ, ಗಂಡನ ಬೆನ್ನುನೋವು, ಮಾವಿನ ಹೂವು ಎಲ್ಲವೂ ಮಾತಿಗೆ ಬಂದವು. ಪಾಲಿಗೆ ಬಂದದ್ದೇ ಪಂಚಾಮೃತ ಎಂದು ಬದುಕಿದ ಮನುಷ್ಯ. ಕೋಣೆಯ ಫ್ಯಾನು ಕೆಟ್ಟು ವರ್ಷವಾದರೂ ದೂರು ಕೊಟ್ಟಿರಲಿಲ್ಲ, ರಿಪೇರಿಯವನಿಗೆ ತೊಂದರೆಯಾಗುತ್ತದಂತೆ. ಕೊನೆಗೆ ಅವಳು ಬೋರ್ಡಿನ ಮಾತು ತೆಗೆದು, ಲೆಕ್ಕ ನಿಲ್ಲಬೇಕಾಗುತ್ತದೆ ಎಂಬುದನ್ನೂ ಹೇಳಿ, ಎರಡನೆಯ ಸಲ ಕೇಳಿದಳು.

“ಆಗಲಿ, ಆಗಲಿ. ಮಕ್ಕಳ ಓದು ದೊಡ್ಡದು” ಎಂದರು. ನಗುವಿತ್ತು. ಆದರೆ ಕೈಯಲ್ಲಿದ್ದ ಕಡಲೆಕಾಯಿಯನ್ನು ಸುಲಿಯದೆ ತಟ್ಟೆಗೆ ಹಾಕಿದರು.

ಆಮೇಲೆ ಕಿಟಕಿಯ ಕಡೆ ತಿರುಗಿ ಕಾರಂಗ್ಲೊ ವಿಷಯ ಹೇಳತೊಡಗಿದರು. ಹೋದ ಸಲ ಕೆಸರು ಬಂದಾಗ ಎಡದಂಡೆಯ ಮನೆಗಳೆಲ್ಲ ಕೊಚ್ಚಿಹೋಗಿದ್ದವು. ಜನ ದಿಬ್ಬದ ಮಸೀದಿಗೆ ಓಡಿ ಉಳಿದುಕೊಂಡರು, ದನಕರು ಉಳಿಯಲಿಲ್ಲ. ಸರ್ಕಾರ ಕೊಟ್ಟ ಶೆಡ್ಡುಗಳಲ್ಲಿ ಇದ್ದು ಇದ್ದು ಬೇಸತ್ತು, ಈಗ ಒಬ್ಬೊಬ್ಬರಾಗಿ ಹಳೆಯ ಜಾಗಕ್ಕೆ ಬರುತ್ತಿದ್ದರು. ಇಟ್ಟಿಗೆ ಇಳಿಸಿದ್ದರು. ಪೊನಿರಾ ಎಂಬ ಅಜ್ಜಿ ಪ್ರತಿ ಸಲವೂ ಅವರ ಕೈ ಹಿಡಿದುಕೊಂಡು ಕಟ್ಟಬಹುದಾ ಎಂದು ಕೇಳುತ್ತಿದ್ದಳು. ಲೆಕ್ಕ ಮುಗಿದು ಕೆಸರಿನ ದಾರಿಯ ನಕ್ಷೆ ಬರಲಿ ಎಂದು ಇವರು ಕಾಯಿಸುತ್ತಿದ್ದರು.

“ನನ್ನ ಬಾಯಿಂದ ಬೇಡ ಅನ್ನೋದು ಬರಲ್ಲಮ್ಮ. ಆ ಮುಖ ನೋಡಿದ್ರೆ ಬರಲ್ಲ. ನಕ್ಷೆ ಬಂದ್ರೆ ಅದೇ ಹೇಳುತ್ತೆ. ಕಾಗದಕ್ಕೆ ದಾಕ್ಷಿಣ್ಯ ಇಲ್ಲ ನೋಡು.”

ಇನ್ನು ಮೂರನೆಯ ಸಲ ಕೇಳುವುದೊಂದು ಉಳಿದಿತ್ತು. ವಿನಾರ್ಸಿ ಲೋಟದ ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ನೋಡುತ್ತ ಕೂತಳು. ಕೇಳಿದರೆ ಅವರು ಬೇಡ ಎಂದಾರು. ಆಗ ಆ ಬೇಡವನ್ನು ಹೊತ್ತುಕೊಂಡು ಪಾಕ್ ಪರ್ದೆದೆಯ ಮೇಜಿನ ಮುಂದೆ ನಿಲ್ಲಬೇಕಾದವಳು ತಾನು. ಕೇಳದಿದ್ದರೆ ಯಾರೂ ಯಾರಿಗೂ ಏನನ್ನೂ ಹೇಳಬೇಕಿಲ್ಲ. ಅವಳು ಚಹಾಕ್ಕೆ ಉಪಕಾರ ಸ್ಮರಿಸಿ ಎದ್ದಳು. ಅವರು ಮೆಟ್ಟಿಲವರೆಗೆ ಬಂದು, ಬಾಗಿ ಬೀಳ್ಕೊಟ್ಟರು.

ಸಂಜೆಯೊಳಗೆ ಅವಳು ಕೆಲಸ ಮುಗಿಸಿದಳು. ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುವ ಆಜ್ಞೆಗೆ ಕಂಪ್ಯೂಟರ್ ಮಾಡಿದ ಮಹಾನುಭಾವರು ಕೊಲ್ಲು ಎಂದೇ ಹೆಸರಿಟ್ಟಿದ್ದಾರೆ. ದಿನಕ್ಕೆ ಹತ್ತು ಸಲ ಟೈಪ್ ಮಾಡುವ ಆ ಶಬ್ದವನ್ನು ಅಂದು ಅವಳು ಮೊದಲ ಬಾರಿಗೆ ಓದಿದಳು. ಪರದೆಯ ಮೇಲೆ ಏರುತ್ತಿದ್ದ ಅಂಕಿಗಳು ನಿಂತವು. ಆಮೇಲೆ ಆರನೆಯ ಬೋರ್ಡು ಯಾವ ತಕರಾರೂ ಇಲ್ಲದೆ ಖಾಲಿಯಾಗಿ ಕಚೇರಿಯ ಪಾಲಿಗೆ ಹೋಯಿತು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರಲ್ಲ, ವಿನಾರ್ಸಿಯದು ಅಂಥ ಪಾಡು.

ಮರುದಿನ ನೋಂದಣಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಮಧ್ಯಾಹ್ನಕ್ಕೆಲ್ಲ ಮುಗಿಯಿತು. ಸಂತೋಷ ತಡೆಯಲಾರದೆ ಪಾಕ್ ಪರ್ದೆದೆ ಎಲ್ಲರಿಗೂ ಮೊಟ್ಟೆ ತುಂಬಿದ ಮರ್ತಬಾಕ್ ರೊಟ್ಟಿ ತರಿಸಿದರು. ಗಟ್ಟಿಯಾಗಿ ನಕ್ಕರು, ಒಬ್ಬೊಬ್ಬರ ಬೆನ್ನನ್ನೂ ತಟ್ಟಿದರು. ವಿನಾರ್ಸಿ ಮಾತ್ರ ತನ್ನ ಪಾಲಿನ ಪೊಟ್ಟಣ ಬಿಚ್ಚದೆ ಕೂತಿರುವುದನ್ನು ಕಂಡು ಯಾಕೆಂದು ಕೇಳಿದರು. ಏನಿಲ್ಲ ಎಂದಳು. ಅವರು ಹೋಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ಮತ್ತೆ ಕೇಳಿದರು, ಮತ್ತೂ ಕೇಳಿದರು. ಆಗ ಅವಳಿಗೆ ಅಳು ಬಂತು, ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಅವರಿಗೆ ಸಿಟ್ಟು ಬಂದಿತ್ತು, ಆದರೆ ಅದನ್ನು ಯಾರ ಮೇಲೆ ಇಳಿಸಬೇಕೋ ತಿಳಿಯದವರಂತೆ ಕಂಡರು.

“ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಬೇರೆ ದಾರಿ ನೋಡ್ತಿದ್ದೆ. ಅರ್ಧ ಜನಕ್ಕೆ ಇವತ್ತು, ಇನ್ನರ್ಧಕ್ಕೆ ನಾಳೆ ಅಂತ ಮಾಡ್ಬೋದಿತ್ತು. ನಾನೇನು ಹುಲಿನಾ, ತಿಂದುಬಿಡೋಕೆ? ಅವರೂ ಹೂಂ ಅಂತಾರೆ, ನೀವೂ ಹೂಂ ಅಂತೀರಿ. ಈ ಊರಲ್ಲಿ ಯಾರ ಹೂಂ ನಂಬ್ಲಿ ನಾನು?”

ಅಂದೇ ಮೂರು ಬೋರ್ಡುಗಳನ್ನೂ ಬೆಟ್ಟದವರ ಪಾಲಿಗೆ ಹಿಂದಿರುಗಿಸಲು ಹೇಳಿದರು. ವಿನಾರ್ಸಿ ಹಿಂದಿರುಗಿಸಿ, ಲೆಕ್ಕವನ್ನು ಮೊದಲಿನಿಂದ ಶುರು ಮಾಡಿದಳು. ಸೊನ್ನೆಯಿಂದ ಅಂಕಿಗಳು ಏರತೊಡಗಿದವು. ನಾಲ್ಕು ಬೋರ್ಡಿದ್ದರೂ ಅದು ಮುಗಿಯುವಷ್ಟರಲ್ಲಿ ಸೆಂದೂಲ್ ಹೊಳೆ ತುಂಬಿರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

ಕ್ಷಮೆ ಕೇಳಲು ಹೋದಾಗ ಪಾಕ್ ಸಸ್ಮಿತೊ ಮತ್ತೆ ಚಹಾ ಬಸಿದುಕೊಟ್ಟರು. ತಾವೇ ಆಗಲಿ ಎಂದಿದ್ದಾಗಿ ಅವಳನ್ನು ಸಮಾಧಾನ ಮಾಡಿದರು. ಒಂದು ಏಟು ಹೊಡೆದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಭಾನುವಾರ ಕಾರಂಗ್ಲೊಗೆ ಹೋಗಬೇಕಾಗಿದೆ, ಬರುತ್ತೇನೆಂದು ಮಾತು ಕೊಟ್ಟಾಗಿದೆ ಎಂದು ಅವರು ಮಾತಿನ ನಡುವೆ ಅಂದರು. ತಾನು ಸ್ಕೂಟರಿನಲ್ಲಿ ಕರೆದೊಯ್ಯುತ್ತೇನೆ ಎಂದಳು ವಿನಾರ್ಸಿ.

ಭಾನುವಾರ ಅವರು ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು, ಅವಳ ಗಂಡನ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತರು. ಸಲಾಕ್ ಹಣ್ಣಿನ ತೋಟಗಳ ನಡುವೆ ದಾರಿ ಏರುತ್ತ ಹೋಯಿತು. ಹಿಂದಿನಿಂದ ಏನೋ ಗೊಣಗುವುದು ಕೇಳುತ್ತಿತ್ತು. ಪ್ರಾರ್ಥನೆ ಇರಬೇಕೆಂದು ವಿನಾರ್ಸಿ ಅಂದುಕೊಂಡಳು. ಚಡಾವಿನಲ್ಲಿ ಸ್ಕೂಟರ್ ನಿಧಾನವಾದಾಗ ಸ್ಪಷ್ಟವಾಗಿ ಕೇಳಿಸಿತು. ಅವರು ಬೇಡ ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದರು. ಜಾವಾ ಮಾತಿಗೆ ಮರ್ಯಾದೆಗೆ ತಕ್ಕಂತೆ ಮೂರು ಮೆಟ್ಟಿಲು; ಅರಮನೆಯ ಜಾವಾದಲ್ಲಿ ಒಂದು ಸಲ, ನೆರೆಹೊರೆಯ ಜಾವಾದಲ್ಲಿ ಒಂದು ಸಲ, ದನ ಕಾಯುವ ಹುಡುಗರ ಜಾವಾದಲ್ಲಿ ಒಂದು ಸಲ. ಯಾವುದೂ ಹಿಡಿಸದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ಮಂಜಾಯಿತು.

ಎಡದಂಡೆಯ ಮೇಲೆ ಪೊನಿರಾ ಅಜ್ಜಿಯ ಮನೆಯ ಗೋಡೆ ಆಗಲೇ ಸೊಂಟದೆತ್ತರಕ್ಕೆ ಬಂದಿತ್ತು. ಅಳಿಯ ಗೋಡೆಯ ಮೇಲೆ ಕೂತು ಇಟ್ಟಿಗೆ ಇಡುತ್ತಿದ್ದ. ಹೊಳೆ ಬಂಡೆಗಳ ನಡುವೆ ಸಣ್ಣ ಝರಿಯಾಗಿ, ಏನೂ ಅರಿಯದ ಕೂಸಿನಂತೆ ಹರಿಯುತ್ತಿತ್ತು. ಅಜ್ಜಿ ಚಾಪೆ ಹಾಸಿ, ಕರಿದ ಮರಗೆಣಸನ್ನೂ ಚಹಾವನ್ನೂ ತಂದಿಟ್ಟಳು. ಪ್ರೊಫೆಸರರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಕಾಗ್ದ ತಂದ್ರಾ ಪಾಕ್?”

“ಈ ಸಲ ಆಗ್ಲಿಲ್ಲ ಅಜ್ಜಿ. ಯಂತ್ರಕ್ಕೆ ಬೇರೆ ಕೆಲಸ ಬಂದ್ಬಿಡ್ತು.”

ಅಜ್ಜಿಯ ಮುಖ ಅರಳಿತು. “ಅಂಗಾರೆ ಕಟ್ಬೌದು ಅನ್ನಿ. ಕೆಟ್ದೇನಾರ ಇದ್ದಿದ್ರೆ ಯಂತ್ರ ಏಳ್ದೆ ಬಿಡ್ತಿತ್ತಾ?”

ಪಾಕ್ ಸಸ್ಮಿತೊ ನಕ್ಕರು. ತುಟಿ ಅಲುಗಿತು, ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದು ಹೊರಗೆ ಬರಲಿಲ್ಲ. ಇಟ್ಟಿಗೆ ಚೆನ್ನಾಗಿ ಬೆಂದಿದೆ ಎಂದರು. ಮರಗೆಣಸು ಗರಿಗರಿಯಾಗಿದೆ ಎಂದರು. ಅಜ್ಜಿ ಅವರ ಕೈ ಬಿಟ್ಟಿರಲಿಲ್ಲ. ಇನ್ನೊಂದು ಗಳಿಗೆ ಹೋದರೆ ಅವರ ಬಾಯಿಂದ ಆಗಲಿ ಎಂಬ ಮಾತು ಬಿದ್ದೇ ಬೀಳುತ್ತದೆ ಎಂದು ವಿನಾರ್ಸಿಗೆ ಗೊತ್ತಾಯಿತು. ಆ ಆಗಲಿಯ ಮೇಲೆ ಒಂದು ಸಂಸಾರ ಮಲಗುತ್ತದೆ.

“ಯಂತ್ರ ಏನೂ ಹೇಳ್ಲಿಲ್ಲ ಅಜ್ಜಿ” ಎಂದಳು. “ಹೇಳೋಕೆ ನಾನು ಬಿಡ್ಲಿಲ್ಲ. ಲೆಕ್ಕ ನಿಲ್ಲಿಸಿದ್ದು ನಾನು. ಇವರಿಗೆ ಮನಸ್ಸಿರ್ಲಿಲ್ಲ, ಅದು ಗೊತ್ತಿದ್ದೂ ನಿಲ್ಲಿಸ್ದೆ.”

ಅಜ್ಜಿ ಯಾರಿವಳು ಎಂಬಂತೆ ಅವಳನ್ನು ನೋಡಿದಳು. ಗೋಡೆಯ ಮೇಲಿದ್ದ ಅಳಿಯನೂ ತಿರುಗಿದ. ವಿನಾರ್ಸಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೂ ಅವಳು ಪ್ರೊಫೆಸರರ ಕಡೆ ತಿರುಗಿ, ಹಿರಿಯರ ಮುಖ ನೋಡಬಾರದೆಂಬುದನ್ನೂ ಮರೆತು, ಅವರ ಕಣ್ಣನ್ನೇ ನೋಡಿ ಕೇಳಿದಳು.

“ಪಾಕ್, ಇವರು ಇಲ್ಲಿ ಮನೆ ಕಟ್ಬೋದಾ?”

ಅವರು ತಮ್ಮ ಕೈಯನ್ನು ಅಜ್ಜಿಯ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಚಹಾದ ಲೋಟವನ್ನು ಚಾಪೆಯ ಆಚೆ ಇಟ್ಟರು.

“ಬೇಡ” ಎಂದರು. ದನ ಕಾಯುವ ಹುಡುಗರ ಜಾವಾದಲ್ಲಿ ಅಂದರು. ಅವರ ಬಾಯಲ್ಲಿ ಆ ಮಾತು ಎಷ್ಟು ಒರಟಾಗಿ ಕೇಳಿಸಿತೆಂದರೆ ಅಜ್ಜಿ ಸ್ವಲ್ಪ ಹಿಂದೆ ಸರಿದಳು. “ಕಟ್ಬೇಡಿ ಅಜ್ಜಿ. ಕೆಸರು ಬಂದ್ರೆ ಮತ್ತೆ ಈ ದಂಡೆಗೇ ಹತ್ತುತ್ತೆ. ಇದನ್ನ ಯಂತ್ರ ಹೇಳ್ತಿಲ್ಲ, ನಾನು ಹೇಳ್ತಿದೀನಿ. ಹೋದ ಸಲ ನೀವು ಕೇಳ್ದಾಗ್ಲೂ ನನಗೆ ಅನುಮಾನ ಇತ್ತು. ನಕ್ಷೆ ಬರ್ಲಿ ಅಂತ ತಳ್ಳಿಬಿಟ್ಟೆ.”

ಪಾಕ್ ಸಸ್ಮಿತೊ ತಲೆ ತಗ್ಗಿಸಿ ಕೂತಿದ್ದರು. ಗೋಡೆಯ ಮೇಲಿದ್ದ ಅಳಿಯ ಕರಣೆಯ ತುಂಬ ಗಾರೆ ತೆಗೆದುಕೊಂಡಿದ್ದ. ಇಟ್ಟಿಗೆಗೆ ಮೆತ್ತಲೂ ಆಗದೆ, ಬಾಂಡಲಿಗೆ ಹಾಕಲೂ ಆಗದೆ ಹಾಗೆಯೇ ಹಿಡಿದುಕೊಂಡು ಅತ್ತೆಯ ಮುಖ ನೋಡುತ್ತಿದ್ದ.

ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. ಗೋಡೆಯ ಹತ್ತಿರ ಹೋಗಿ ಅವನ ಕೈಯಿಂದ ಕರಣೆ ಇಸಿದುಕೊಂಡಳು. ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಅಂಚಿಗೆ ಕಚ್ಚಿಕೊಂಡಿದ್ದ ಗಾರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೊಳೆಯತೊಡಗಿದಳು.